ಶಾಲೆ ನೋಡಲು ಬೀಗರು ಬಂದರು

ತೂಬಿನಹಾಳದ ಕರಿಬಸಯ್ಯ ಶಾಲೆಯ ಅಧ್ಯಕ್ಷನಾದದ್ದು ಕೈ ಎತ್ತಿದ್ದರಿಂದ. ಆದರೆ ಅವನು ಕೈ ಎತ್ತಿದ್ದು ಅಧ್ಯಕ್ಷನಾಗಲು ಅಲ್ಲ. ಬಿಸಿಯೂಟಕ್ಕೆಂದು ಅಂಗಡಿಯಿಂದ ತಂದ ಹುಣಸೆಹಣ್ಣಿನ ಚೀಲವನ್ನು ಎಲ್ಲಿ ಇಳಿಸಬೇಕೆಂದು ಕೇಳಲು ಬಾಗಿಲಲ್ಲಿ ನಿಂತಿದ್ದ. ಒಳಗೆ ಪಾಲಕರ ಸಭೆ ನಡೆದಿತ್ತು. ಶಾಲೆಯಲ್ಲಿ ಮಾತಾಡಬೇಕಾದರೆ ಮೊದಲು ಕೈ ಎತ್ತಬೇಕೆಂದು ಅವನಿಗೆ ಚಿಕ್ಕಂದಿನಲ್ಲಿ ಬೆತ್ತದಿಂದ ಕಲಿಸಿದ್ದರು. ಬೆತ್ತದ ಪಾಠ ಮರೆಯುವಂಥದ್ದಲ್ಲ. ಸರಿಯಾಗಿ ಅದೇ ಗಳಿಗೆಗೆ ಮುಖ್ಯ ಶಿಕ್ಷಕಿ ಅನುಪಮಾ, "ಶಾಲಾ ಸಮಿತಿಗೆ ಅಧ್ಯಕ್ಷರಾಗಾಕ ಯಾರು ತಯಾರದೀರಿ?" ಎಂದು ಕೇಳಿದ್ದರು. ಬೇರೆ ಯಾರ ಕೈಯೂ ಮೇಲೆ ಇರಲಿಲ್ಲ. ಕರಿಬಸಯ್ಯನ ಮಗಳು ಅಲ್ಲೇ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದುದರಿಂದ ಅಡ್ಡಿ ಹೇಳಲು ಯಾರಿಗೂ ಕಾರಣವಿರಲಿಲ್ಲ. ಹಾರ ಹಾಕಿಸಿಕೊಳ್ಳುವಾಗಲೂ ಹುಣಸೆಹಣ್ಣಿನ ಚೀಲ ಅವನ ಹೆಗಲ ಮೇಲೆಯೇ ಇತ್ತು.

ಜಂಗಮರ ಮನೆಯವನಾದ್ದರಿಂದ ಊರೆಲ್ಲ ಅವನನ್ನು 'ಅಯ್ಯನೋರ' ಎನ್ನುತ್ತಿತ್ತು. ಕಿರಾಣಿ ಅಂಗಡಿ ಅವನ ಹೊಟ್ಟೆಪಾಡು. ಅವನ ಕೀರ್ತಿ ಮಾತ್ರ ಬೇರೆ ಕಡೆಯಿಂದ ಬಂದದ್ದು. ಮಸ್ಕಿಯಿಂದ ಲಿಂಗಸುಗೂರಿನ ತನಕ, ಇತ್ತ ಬಳಗಾನೂರಿನ ತನಕ, ಅವನು ಕುದುರಿಸಿದ ಸಂಬಂಧಗಳು ಮಕ್ಕಳು ಮರಿಗಳಾಗಿ ಓಡಾಡುತ್ತಿದ್ದವು. ಕನ್ಯೆ ನೋಡುವ ಶಾಸ್ತ್ರದಲ್ಲಿ ಅವನದು ಒಂದೇ ಸೂತ್ರ: ಬಂದವರ ಕಣ್ಣಿಗೆ ಮನೆಯ ಕೊರತೆ ಬೀಳಬಾರದು. ಕುರ್ಚಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ತರಬೇಕು. ಗೋಡೆ ಬಿರುಕು ಬಿಟ್ಟಿದ್ದರೆ ಕ್ಯಾಲೆಂಡರ್ ತೂಗಬೇಕು. ಜಗಳಗಂಟಿ ಅಜ್ಜಿ ಇದ್ದರೆ ಆ ಹೊತ್ತಿಗೆ ಮಠಕ್ಕೆ ಕಳಿಸಬೇಕು. ಈ ಸೂತ್ರದಿಂದ ಎಷ್ಟೋ ಮನೆಗಳು ಉದ್ಧಾರವಾಗಿದ್ದವು. ಸರ್ಕಾರಿ ಶಾಲೆಯೊಂದು ಹಾಳಾಗುವ ಹೊತ್ತು ಈಗ ಬಂದಿತ್ತು.

ಆ ಶಾಲೆಯ ಕತೆ ಹೀಗೆ. ಕೋಣೆ ಎರಡು. ಅವನ್ನು ಕಟ್ಟಿದ ಕಾಲಕ್ಕೆ ಅವು ಧಾರಾಳವಾಗಿಯೇ ಇದ್ದವು. ಆಮೇಲೆ ಕಾಲುವೆಯ ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ನಾಟಿಯ ಕೂಲಿಗಳು ಬಂದರು, ಬಂದವರು ಉಳಿದರು, ಉಳಿದವರಿಗೆ ಮಕ್ಕಳಾದರು. ಸಾಲದ್ದಕ್ಕೆ ಅನುಪಮಾ ಟೀಚರ್ ಬಂದರು. ಸಿಂಧನೂರಿನ ಹತ್ತಿರದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಮನೆಯ ಹೆಣ್ಣುಮಗಳು; ಕನ್ನಡ ಕಲಿಸಲು ನಿಂತರೆ ಕಿಟಕಿಯ ಹೊರಗೆ ಎಮ್ಮೆ ಕಾಯುವವರೂ ಎಮ್ಮೆ ಮರೆತು ನಿಲ್ಲುತ್ತಿದ್ದರು. ಖಾಸಗಿ ಶಾಲೆಯ ವ್ಯಾನು ಹತ್ತಿ ಹೋಗುತ್ತಿದ್ದ ಮಕ್ಕಳೂ ವ್ಯಾನು ಇಳಿದು ವಾಪಸು ಬಂದರು. ಹೀಗಾಗಿ ಒಂದನೆಯ ತರಗತಿ ಬೇವಿನ ಮರದ ಕೆಳಗೆ, ಎರಡನೆಯದು ಜಗಲಿಯ ಮೇಲೆ, ಮೂರನೆಯದು ಅಕ್ಕಿಚೀಲಗಳ ನಡುವೆ ನಡೆಯುತ್ತಿತ್ತು. ನಾಲ್ಕು ಮತ್ತು ಐದು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿದ್ದವು. ಒಂದು ಗೋಡೆಯ ಕಡೆ ಲೆಕ್ಕ, ಇನ್ನೊಂದರ ಕಡೆ ಸಮಾಜ ಪಾಠ. "ಏಳೆಂಟಲೆ?" ಎಂದು ಇತ್ತ ಕೇಳಿದರೆ "ತುಂಗಭದ್ರಾ!" ಎಂದು ಅತ್ತ ಉತ್ತರ ಬರುತ್ತಿತ್ತು.

ಜೂನ್ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲು ಕರಿಬಸಯ್ಯ ಮನೆ ಮನೆಗೆ ಹೋಗಿದ್ದ. ಯಮನಮ್ಮನ ಮನೆಗೂ ಹೋಗಿದ್ದ. ನಾಟಿ ಕೆಲಸಕ್ಕೆ ಹೋಗುವ ಯಮನಮ್ಮ ಮಾತಿನಲ್ಲಿ ಖಾರ, ಮಗಳು ಅಂಬಿಕಾಳ ವಿಷಯದಲ್ಲಿ ಮಾತ್ರ ಬೆಣ್ಣೆ.

"ಇಲ್ಲಿ ಜಾಗಿಲ್ಲ ಅಂತ ಆಮ್ಯಾಗ ಕಾಲವಿ ಆಚಿ ಶಾಲಿಗೆ ಹಾಕ್ತೀರೇನ ಮತ್ತ? ಹಂಗಿದ್ರ ನಾ ಕಳಸಂಗಿಲ್ಲ ನೋಡ್ರಿ ಅಯ್ಯನೋರ. ತುಂಬಿ ಹರಿಯೋ ಕಾಲವಿ, ಗೇಣಗಲದ ಸೇತುವಿ. ನಾ ಗದ್ದ್ಯಾಗ ಬಗ್ಗಿದಾಕಿ ಇಕಿ ಎಲ್ಲಿ ಹೋದ್ಲಂತ ನೋಡ್ಲಿ?"

"ಆಚಿ ಯಾಕ ಹೋಗ್ತಾಳಬೇ? ಇಲ್ಲೇ ಓದ್ತಾಳ. ನಾ ಅದೀನಲ್ಲ!" ಎಂದು ಎದೆ ತಟ್ಟಿಕೊಂಡು ಹೇಳಿ, ಅಂಬಿಕಾಳ ಕೈ ಹಿಡಿದು ತಾನೇ ತಂದು ಬೇವಿನ ಮರದ ಕೆಳಗೆ ಕೂರಿಸಿದ್ದ.

ಎದೆ ತಟ್ಟಿಕೊಂಡವರನ್ನು ವಿಧಿ ನೆನಪಿಟ್ಟುಕೊಳ್ಳುತ್ತದೆ. ಕಾಲುವೆಗೆ ನೀರು ಬಿಟ್ಟ ವಾರವೇ ಸುದ್ದಿ ಬಂತು: ಸುತ್ತಲಿನ ಊರುಗಳಲ್ಲಿ ಒಂದು ಶಾಲೆಗೆ ಮಾತ್ರ ಈ ವರ್ಷ ಎರಡು ಹೊಸ ಕೋಣೆ. ಯಾವ ಶಾಲೆಗೆಂದು ಇಂಜಿನಿಯರ್ ಬಸವಂತರಾಯರು ಕಣ್ಣಾರೆ ನೋಡಿ ಬರೆಯುತ್ತಾರೆ. ಕೋಣೆ ಸಿಗದಿದ್ದರೆ ತೂಬಿನಹಾಳದ ಒಂದನೆಯ ತರಗತಿಯನ್ನು ಕಾಲುವೆ ಆಚೆಯ ಶಾಲೆಗೆ ಸೇರಿಸುತ್ತಾರೆ.

ಇಂಜಿನಿಯರ್ ಬರುವ ದಿನವೇ ಅನುಪಮಾ ಟೀಚರ್‌ಗೆ ಲಿಂಗಸುಗೂರಿನಲ್ಲಿ ತರಬೇತಿ. ಹಿಂದಿನ ದಿನ ಅವರು ಅಧ್ಯಕ್ಷನಿಗೆ ಫೋನು ಮಾಡಿದರು.

"ಅಯ್ಯನೋರ, ನಾಳೆ ನೀವ ಇರಬೇಕು. ನೀವು ಏನೂ ಮಾಡಬ್ಯಾಡ್ರಿ. ಶಾಲಿ ಹೆಂಗೈತೋ ಹಂಗ ತೋರಸ್ರಿ, ಸಾಕು."

"ಆತ್ರಿ ಟೀಚರ್, ಏನೂ ಮಾಡಂಗಿಲ್ಲ," ಎಂದು ಫೋನು ಇಟ್ಟ ಕರಿಬಸಯ್ಯ ಮೆಲ್ಲಗೆ ನಕ್ಕ. ಏನೂ ಮಾಡಬೇಡಿ ಎನ್ನುವ ಮಾತಿನ ಅರ್ಥ ಅವನಿಗೆ ಗೊತ್ತಿಲ್ಲವೇ? ಎಷ್ಟು ಮನೆಗಳಲ್ಲಿ ಕೇಳಿದ್ದಾನೆ! ಮೂರು ಥರದ ಹೋಳಿಗೆ ಮಾಡಿಟ್ಟ ಹೆಣ್ಣಿನ ತಾಯಿ, "ಏನೂ ಮಾಡಿಲ್ಲರೀ ಬೀಗರ" ಎನ್ನುತ್ತಾಳೆ. "ನಮಗೇನೂ ಬ್ಯಾಡ" ಎಂದ ಗಂಡಿನ ತಂದೆ ಬಾಗಿಲು ದಾಟುವ ಮುಂಚೆ ಮಂಚ ಗಾದಿ ಕೇಳುತ್ತಾನೆ. ಟೀಚರ್ ದೊಡ್ಡ ಮನುಷ್ಯರು, ಬಾಯಿಬಿಟ್ಟು ಹೇಳಲಾರರು. ಅರ್ಥ ಮಾಡಿಕೊಳ್ಳುವುದು ಅಧ್ಯಕ್ಷನ ಧರ್ಮ.

ಅರ್ಥ ಮಾಡಿಕೊಂಡವನೇ ನೆಟ್ಟಗೆ ಶಾಮಿಯಾನದ ಇಮಾಮ್‌ಸಾಬ್‌ನ ಮನೆಗೆ ಹೋದ.

"ಕುರ್ಚಿ ಬೇಕು, ಬಿಳಿ ಅಂಗಿ ಹಾಕಿದ್ದು. ಪರದೆ ಬೇಕು. ಹೂವಿನ ಕಮಾನು ಬೇಕು."

"ಯಾರ ಶಾದಿ ಅಯ್ಯನೋರ?"

"ಶಾಲಿದು."

ಇಮಾಮ್‌ಸಾಬ್ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ. "ಅರೇ, ಭಾಳ ಮದವಿ ನೋಡೀನಿ. ಶಾಲಿದು ಇದೇ ಮೊದಲ. ಕಮಾನಿನ ಮ್ಯಾಲ ಏನ್ ಬರಸಲಿ, 'ಶುಭ ವಿವಾಹ' ಅಂತ ಐತಿ."

"ಶುಭ ಇರಲಿ. ವಿವಾಹದ ಮ್ಯಾಲ ಹೂ ಕಟ್ಟು."

ಮರುದಿನ ಬೆಳಿಗ್ಗೆ ಶಾಲೆ ಗುರುತು ಸಿಗದಂತಾಯಿತು. ಅಕ್ಕಿಚೀಲಗಳು ಕರಿಬಸಯ್ಯನ ಅಂಗಡಿಗೆ ಹೋದವು. ಸೋರುವ ಮೂಲೆಯಲ್ಲಿ ಪರದೆ ಇಳಿಯಿತು. ನಾಲ್ಕು ಮತ್ತು ಐದನೆಯ ತರಗತಿಯ ಎರಡು ಕಪ್ಪು ಹಲಗೆಗಳಲ್ಲಿ ಒಂದರ ಮೇಲೆ ಹೂವಿನ ಸರ ಬಿತ್ತು. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತರು. ಜಗಲಿಯ ಮೇಲೆ ಬಿಳಿ ಕುರ್ಚಿಗಳ ಸಾಲು. ಬೇವಿನ ಮರದ ಕೆಳಗೆ ರಂಗೋಲಿ. ಅತಿಥಿ ಶಿಕ್ಷಕ ಸುನೀಲ ಹೊಸಬ. ಯಾರು ಏನು ಹೇಳಿದರೂ "ಹೂಂ ರೀ" ಎನ್ನುವುದು ಅವನ ಉದ್ಯೋಗ ಭದ್ರತೆ. ಅವನು ಒಮ್ಮೆ ಮಾತ್ರ, "ಒಂದನೇದು, ಎರಡನೇದು ಎಲ್ಲಿ ಕುಂಡ್ರಬೇಕ್ರಿ?" ಎಂದು ಕೇಳಿದ.

ಕರಿಬಸಯ್ಯ ಆ ಮಕ್ಕಳ ಕಡೆ ನೋಡಿದ. ಸಮವಸ್ತ್ರ ಇನ್ನೂ ಬಂದಿರಲಿಲ್ಲ. ಒಬ್ಬನ ಚಡ್ಡಿಗೆ ಗುಂಡಿಯಿಲ್ಲ. ಒಬ್ಬಳ ಲಂಗ ಅಕ್ಕನದು. ಮೂಗುಗಳ ಮಾತು ಬಿಡಿ. ಮಣ್ಣಲ್ಲಿ ಕೂತೂ ಕೂತೂ ಎಲ್ಲರ ಬೆನ್ನ ಕೆಳಗೆ ಶಾಲೆಯ ನಕಾಶೆ. ಇವರನ್ನು ಸಾಹೇಬರಿಗೆ ತೋರಿಸುವುದೇ?

"ನಮ್ಮ ಮನಿಗೆ ಕರಕೊಂಡು ನಡಿ," ಎಂದ.

"ಹೂಂ ರೀ," ಎಂದ ಸುನೀಲ.

ಕರಿಬಸಯ್ಯನ ಹೆಂಡತಿ ಗುರುಲಿಂಗಮ್ಮ ಮಿರ್ಚಿಗೆ ಹಿಟ್ಟು ಕಲಸುತ್ತಿದ್ದಳು. ಬಾಗಿಲಲ್ಲಿ ಮೊದಲು ನಾಲ್ಕು ತಲೆ ಕಂಡವು, ಆಮೇಲೆ ಹತ್ತು, ಆಮೇಲೆ ಎಣಿಸುವುದನ್ನು ಬಿಟ್ಟಳು. ಮಕ್ಕಳು ನಡುಮನೆ ತುಂಬಿ, ಉಗ್ರಾಣದ ಕೋಣೆ ತುಂಬಿ, ಒಣಮೆಣಸಿನಕಾಯಿ ಚೀಲಗಳ ಮೇಲೆ ಹತ್ತಿ, ಕೊನೆಗೆ ದೇವರ ಕೋಣೆಯೊಳಗೂ ನುಗ್ಗಿದರು. ಕರಿಬಸಯ್ಯನ ತಾಯಿ ಬದುಕಿದ್ದಾಗ ಮಡಿಯಿಲ್ಲದೆ ಮಗನೂ ಹೊಸ್ತಿಲು ದಾಟದ ಕೋಣೆ ಅದು.

"ಏನ್ರಿ ಇದು? ಮನಿ ಏನು ಕುರಿ ಹಟ್ಟಿ ಏನು?"

"ಒಂದ್ ತಾಸು ತಡಿ. ಸಾಹೇಬ್ರು ಬಂದು ಹೋಗೋತನ. ಇವು ಕಣ್ಣಿಗೆ ಬೀಳಬಾರ್ದು."

"ಯಾಕ ಬೀಳಬಾರ್ದು?"

"ಗಂಡಿನವ್ರು ಬಂದಾಗ ಮನ್ಯಾಗ ಚಂದಿಲ್ಲದ್ದನ್ನ ಎಲ್ಲಾ..." ಎಂದು ಶುರುಮಾಡಿದ ಕರಿಬಸಯ್ಯ ನಡುವೆಯೇ ನುಂಗಿಕೊಂಡ. ಆದರೆ ತಡವಾಗಿತ್ತು.

ಅದಕ್ಕೆ ಕಾರಣವಿತ್ತು. ವರ್ಷಗಳ ಹಿಂದೆ ಅವನು ಕನ್ಯೆ ನೋಡಲು ಸಂತೆಕಲ್ಲೂರಿಗೆ ಹೋದದ್ದು ಗುರುಲಿಂಗಮ್ಮನನ್ನಲ್ಲ, ಅವಳ ಅಕ್ಕನನ್ನು. ಅಕ್ಕ ಕೆಂಪಗೆ, ತಂಗಿ ಕಪ್ಪಗೆ. ಬಂದವರಿಗೆ ಹೋಲಿಕೆ ಸಿಗಬಾರದೆಂದು ತಂಗಿಯನ್ನು ಮೆಣಸಿನಕಾಯಿ ರಾಶಿ ಹಾಕಿದ ಕೋಣೆಯಲ್ಲಿ ಕೂಡಿಹಾಕಿದ್ದರು. ಅಕ್ಕ ತಟ್ಟೆ ಹಿಡಿದು ಬರುವಾಗ ಒಳಗಿಂದ ಸೀನು ಕೇಳಿತು. "ಒಳಗ ಯಾರು?" ಎಂದು ಇವನು ಕೇಳಿದರೆ, ಮಾವನಾಗಲಿದ್ದವರು "ಬೆಕ್ಕು ರೀ" ಎಂದರು. ಬೆಕ್ಕು ಇನ್ನೂ ಎರಡು ಸಲ ಸೀನಿ, ಆಮೇಲೆ ಕಿಸಕ್ಕನೆ ನಕ್ಕಿತು. ಕರಿಬಸಯ್ಯ ಆ ನಗುವಿಗೆ ಸೋತು ಬೆಕ್ಕನ್ನೇ ಮದುವೆಯಾದ.

ಗುರುಲಿಂಗಮ್ಮ ಹಿಟ್ಟಿನ ಕೈಯನ್ನು ಬೋಗುಣಿಯ ಅಂಚಿಗೆ ಒರೆಸಿದಳು. "ಆತು. ಯಾರರ ಕೇಳಿದ್ರ ಬೆಕ್ಕು ಅಂತ ಹೇಳ್ರಿ ಮತ್ತ," ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವನು ಮಕ್ಕಳಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿದ. ದೇವರ ಕೋಣೆಯ ಮೂಲೆಯಲ್ಲಿ, ಮಡಿಚಿಟ್ಟ ಕೌದಿಗಳ ಪಕ್ಕ ಅಂಬಿಕಾ ಮೊಣಕಾಲು ತಬ್ಬಿ ಕೂತಿದ್ದಳು.

"ಅಯ್ಯಾ, ಎಷ್ಟೊತ್ತು?"

"ನಾ ಬಾ ಅನ್ನೋತನ ಹೊರಗ ಬರಬ್ಯಾಡ. ಉಸರ ಎತ್ತಬ್ಯಾಡ. ಜಾಣಿ ಅದಿ ನೀ."

ಅಂಬಿಕಾ ತುಟಿ ಬಿಗಿಹಿಡಿದು ತಲೆಯಾಡಿಸಿದಳು. ಅವಳನ್ನು ಜಾಣೆ ಎಂದವರು ಅದುವರೆಗೆ ಇಬ್ಬರೇ: ಅವ್ವ, ಅನುಪಮಾ ಟೀಚರ್.

ಬಸವಂತರಾಯರು ಬಂದರು. ಅವರ ಜೀಪಿನ ಮೇಲೆ ಮೂರು ಊರಿನ ಧೂಳು, ಮುಖದ ಮೇಲೆ ಮೂರು ಊರಿನ ಜಗಳ. ಹೋದಲ್ಲೆಲ್ಲ ಜನ ಅವರನ್ನು ಕೈಹಿಡಿದು ಎಳೆದು, ಸೋರುವ ಮಾಳಿಗೆ, ಕುಸಿದ ಗೋಡೆ, ಹಾವಿನ ಹುತ್ತ ತೋರಿಸಿದ್ದರು. ಇಲ್ಲಿ ಹೂವಿನ ಕಮಾನಿನಡಿ ಹಾದು, ಬಿಳಿ ಕುರ್ಚಿಯಲ್ಲಿ ಕೂತು, ತಣ್ಣನೆಯ ನೀರು ಕುಡಿದು, ಕಣ್ಣು ಮುಚ್ಚಿ ತೆರೆದರು.

"ಇಂಥಾ ಸಾಲಿ ನಾ ಎಲ್ಲೂ ನೋಡಿಲ್ಲ," ಎಂದರು.

"ಎಲ್ಲಾ ನಿಮ್ಮ ಆಶೀರ್ವಾದ ರೀ," ಎಂದ ಕರಿಬಸಯ್ಯ. ಸಂಬಂಧ ಕುದುರುತ್ತಿದೆ ಎಂದು ಅವನ ಮೈ ಹಗುರಾಯಿತು.

ಅವರು ಕೋಣೆ ನೋಡಿದರು. ಗಾಳಿ ಬೆಳಕು ನೋಡಿದರು. "ಐದು ತರಗತಿ ಇರಬೇಕಲ್ಲ? ಸಣ್ಣ ಮಕ್ಕಳು ಎಲ್ಲಿ?"

"ಮನ್ಯಾಗ ಅದಾವ್ರಿ," ಎಂದ ಕರಿಬಸಯ್ಯ. ಯಾರ ಮನೆಯಲ್ಲಿ ಎಂದು ಸಾಹೇಬರು ಕೇಳಲಿಲ್ಲ. ಕೇಳದ್ದನ್ನು ಹೇಳುವ ಚಟ ಸಂಬಂಧ ಕುದುರಿಸುವವರಿಗೆ ಇರುವುದಿಲ್ಲ.

"ಅಂದ್ರ ಸಾಲಿಗೇ ಬರಂಗಿಲ್ಲ. ನನಗ ಗೊತ್ತದ. ಕಾಗದದಾಗ ಎಲ್ಲಾ ಊರಾಗೂ ಮಕ್ಕಳು ತುಂಬಿ ತುಳುಕತಾವ. ಅದಕ್ಕ ನಾ ಕಣ್ಣೀಲೆ ಕಂಡಿದ್ದಷ್ಟ ಬರೀತೀನಿ." ಬಸವಂತರಾಯರು ತೃಪ್ತಿಯಿಂದ ಎದ್ದರು. "ನಿಮ್ಮದು ಬಂಗಾರದಂಥ ಸಾಲಿ ಕರಿಬಸಯ್ಯಾರ. ಇಲ್ಲಿ ಹೊಸಾ ಕೋಣಿದು ಗರಜೇ ಇಲ್ಲ."

ಕರಿಬಸಯ್ಯನ ಮುಖದ ನಗೆ ಹಾಗೆಯೇ ಉಳಿದು, ಅದರೊಳಗಿನ ಮನುಷ್ಯ ಮಾತ್ರ ಎದ್ದುಹೋದ.

"ಹಂಗಲ್ರೀ ಸಾಹೇಬ್ರ... ಜರಾ ಇಕ್ಕಟ್ಟೈತ್ರಿ..."

"ಎಲ್ಲಿ ಇಕ್ಕಟ್ಟು? ಈ ಕುರ್ಚಿ ಸರಿಸಿದ್ರ ಇಲ್ಲೇ ಮದವಿ ಮಾಡಬಹುದು!"

ಕಮಾನಿನ ಪಕ್ಕ ನಿಂತಿದ್ದ ಇಮಾಮ್‌ಸಾಬ್ ಪಿಸುಗುಟ್ಟಿದ: "ಅಯ್ಯನೋರ, ಕನ್ಯಾ ಪಸಂದ್ ಆತು. ಆದ್ರ ಅವ್ರು ಲಗ್ನ ಬ್ಯಾಡ ಅನ್ನಾಕತ್ಯಾರ."

ಈಗ ನಿಜ ಹೇಳಬೇಕಿತ್ತು. ಆದರೆ ಬರಿಹೊಟ್ಟೆಯವರಿಗೆ ನಿಜ ಹೇಳಬಾರದು, ಉಂಡವನು ಸಿಟ್ಟಾಗಲಾರ. ಇದೂ ಅವನ ಸೂತ್ರಗಳಲ್ಲೊಂದು. "ಸಾಹೇಬ್ರ, ನಮ್ಮ ಮನಿಗೆ ಬಂದು ಒಗ್ಗರಣಿ ಮಿರ್ಚಿ ತಿನ್ನದ ಹೋದ್ರ ಊರ ಮರ್ಯಾದಿ ಹೊಕ್ಕೈತ್ರಿ," ಎಂದು ಕೈ ಹಿಡಿದ. ಅರ್ಧ ದಾರಿಗೆ ಬಂದ ಮೇಲೆ ಅವನಿಗೆ ತನ್ನ ಮನೆಯಲ್ಲಿ ಏನಿದೆ ಎಂಬುದು ನೆನಪಾಯಿತು. ಆದರೆ ಬಾ ಎಂದು ಕರೆದ ಅತಿಥಿಯನ್ನು ನಡುಬೀದಿಯಲ್ಲಿ ತಿರುಗಿಸುವುದಾದರೂ ಹೇಗೆ? ಅವನ ಕಣ್ಸನ್ನೆ ಕಂಡು ಮುಂದೆ ಓಡಿದ ಸುನೀಲ ಮಕ್ಕಳನ್ನೆಲ್ಲ ಉಗ್ರಾಣಕ್ಕೆ ದೂಡಿ ಬಾಗಿಲು ಎಳೆದ.

ಬಸವಂತರಾಯರು ನಡುಮನೆಯಲ್ಲಿ ಕೂತು ಮಂಡಕ್ಕಿ ಒಗ್ಗರಣೆಯ ಮೊದಲ ತುತ್ತು ಎತ್ತಿದರು. ಒಳಗೆ ಯಾರೋ ಸೀನಿದರು.

"ಯಾರದು?"

ಕರಿಬಸಯ್ಯ ಬಾಯಿ ತೆರೆದ. ಅಡುಗೆಮನೆಯ ಬಾಗಿಲಲ್ಲಿ ಮಿರ್ಚಿಯ ತಟ್ಟೆ ಹಿಡಿದು ನಿಂತ ಗುರುಲಿಂಗಮ್ಮ ಅವನನ್ನೇ ನೋಡುತ್ತಿದ್ದಳು. ಬೇರೆ ಯಾವ ಪ್ರಾಣಿಯ ಹೆಸರೂ ಅವನಿಗೆ ಆಗ ಹೊಳೆಯಲಿಲ್ಲ.

"ಬೆ... ಬೆಕ್ಕು ರೀ."

ಇನ್ನೊಂದು ಸೀನು. ಅದರ ಹಿಂದೆ ಮತ್ತೊಂದು. ಮೆಣಸಿನಕಾಯಿ ಚೀಲದ ಮೇಲೆ ಯಾರೋ ಜಾರಿರಬೇಕು. ಉಗ್ರಾಣದಲ್ಲಿ ಸೀನುಗಳ ಸುರಿಮಳೆ ಶುರುವಾಯಿತು.

"ಎಷ್ಟ್ ಬೆಕ್ಕು ಸಾಕೀರಿ ಕರಿಬಸಯ್ಯಾರ?"

ಉತ್ತರ ಕೊಡುವ ಹೊಣೆಯನ್ನು ಬಾಗಿಲು ಹೊತ್ತುಕೊಂಡಿತು. ಹಳೆಯ ಅಗುಳಿ ಕಳಚಿ, ಬಾಗಿಲು ತೆರೆದು, ಮಕ್ಕಳು ಚೀಲ ಹರಿದ ಜೋಳದಂತೆ ನಡುಮನೆಗೆ ಸುರಿದರು. ಸಾಹೇಬರ ಕಾಲ ಸುತ್ತ, ಮಂಚದ ಕೆಳಗೆ, ಒಬ್ಬರ ಮೇಲೊಬ್ಬರು. ಎಲ್ಲರ ಕಣ್ಣು ಕೆಂಪು, ಮೂಗು ಕೆಂಪು. ಸುಧಾರಿಸಿಕೊಂಡ ಮೇಲೆ ಟೀಚರ್ ಕಲಿಸಿದ್ದು ನೆನಪಾಗಿ ಎಲ್ಲರೂ ಎದ್ದು ನಿಂತು ರಾಗವೆಳೆದರು: "ನಮಸ್ತೇ... ಸಾ...ರ್!"

ಬಸವಂತರಾಯರ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಇವೆಲ್ಲ ನಿಮ್ಮವೇನ್ರಿ?"

ಗಾಬರಿಯಾದಾಗ ಹೌದು ಎನ್ನುವುದು ಕರಿಬಸಯ್ಯನ ಹುಟ್ಟುಗುಣ. "ಹೌದ್ರಿ," ಎಂದ. ಆಮೇಲೆ ತನ್ನ ಮಾತು ತನಗೇ ಕೇಳಿಸಿತು. ಮಕ್ಕಳ ಕಡೆ ನೋಡಿದ. ಗುಂಡಿಯಿಲ್ಲದ ಚಡ್ಡಿಯವನು ಅವನ ಧೋತರದ ಚುಂಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. "ಹೌದ್ರಿ, ನಮ್ಮವ," ಎಂದು ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ ಹೇಳಿದ.

"ಅಷ್ಟೂ?"

ಗುರುಲಿಂಗಮ್ಮ ತಟ್ಟೆಯನ್ನು ಸಾಹೇಬರ ಮುಂದೆ ಇಟ್ಟಳು. ಪರಗಂಡಸರೆದುರು ಅವಳು ಹೆಚ್ಚು ಮಾತಾಡಿದವಳಲ್ಲ. "ಶಾಲಿ ಮಕ್ಕಳ್ರೀ ಸಾಹೇಬ್ರ. ಕುಂಡ್ರಾಕ ಜಾಗಿಲ್ಲ, ಗಿಡದ ಕೆಳಗ ಕುಂಡ್ರತಾವ. ನೀವು ಬರ್ತೀರಂತ ನಮ್ಮವ್ರು ನಾಚಿ ಬಚ್ಚಿಟ್ಟಾರ. ಇಷ್ಟೇ."

ಬಸವಂತರಾಯರು ಕೈಯ ತುತ್ತನ್ನು ತಟ್ಟೆಗೆ ಇಳಿಸಿ ಮಕ್ಕಳನ್ನು ಒಂದು ಸುತ್ತು ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. ಮೆಣಸಿನಕಾಯಿ ಘಾಟು ಅವರಿಗೂ ಹತ್ತಿ ನಗುವಿನ ನಡುವೆ ಸೀನತೊಡಗಿದರು. ಸಾಹೇಬರು ಸೀನಿದ್ದು ಕಂಡು ಮಕ್ಕಳು ನಕ್ಕರು. "ಇಪ್ಪತ್ತು ವರ್ಷದ ನೌಕರ್ಯಾಗ," ಎಂದರು ಕಣ್ಣೊರೆಸುತ್ತ, "ಇಲ್ಲದ ಮಕ್ಕಳನ್ನ ತೋರಿಸಿದವ್ರನ್ನ ನೋಡೀನಿ. ಇದ್ದ ಮಕ್ಕಳನ್ನ ಬಚ್ಚಿಟ್ಟಾಂವ ನೀವೊಬ್ಬರ!" ಮಿರ್ಚಿಗಳನ್ನು ಮಕ್ಕಳಿಗೆ ಹಂಚಿಸಿ, ಎಲ್ಲರನ್ನೂ ಕರೆದುಕೊಂಡು ಶಾಲೆಗೆ ನಡೆದರು. ಬಿಳಿ ಕುರ್ಚಿ ಬಿಟ್ಟು ರಂಗೋಲಿಯ ಮೇಲೆ, ಬೇವಿನ ಬೇರಿನ ಪಕ್ಕ, ಒಂದನೆಯ ತರಗತಿಯ ಜೊತೆ ನೆಲದಲ್ಲಿ ಕೂತರು. ಎರಡು ಇರುವೆ ಕಡಿದ ಮೇಲೆ ಎದ್ದರು.

"ಬರೀತೀನಿ. ಮಕ್ಕಳನ್ನ ಆಚಿ ಕಳಸಬ್ಯಾಡಂತಾನೂ ಹೇಳ್ತೀನಿ. ಆದ್ರ ಈ ಪರದೆ ಕಮಾನು ಮೊದಲ ತಗಸ್ರಿ."

ಕತೆ ಇಲ್ಲಿಗೆ ಮುಗಿದಿದ್ದರೆ ಕರಿಬಸಯ್ಯ ಆ ಸಂಜೆ ಅಂಗಡಿ ಕಟ್ಟೆಯ ಮೇಲೆ ಕೂತು ಅದನ್ನು ತನಗೆ ಬೇಕಾದಂತೆ ತಿದ್ದಿ ಹೇಳುತ್ತಿದ್ದ. ತಿದ್ದಲು ಶುರುವನ್ನೂ ಮಾಡಿದ್ದ. ಆಗ ಯಮನಮ್ಮ ಬಂದಳು. ಮೊಣಕಾಲ ತನಕ ಗದ್ದೆಯ ಕೆಸರು ಇನ್ನೂ ಹಸಿ.

"ಅಯ್ಯನೋರ, ನನ್ನ ಮಗಳೆಲ್ಲಿ?"

"ಶಾಲಿ ಬಿಟ್ಟೈತಲ್ಲಬೇ, ಮನಿಗೆ..."

"ಮನ್ಯಾಗಿಲ್ಲ. ಓಣ್ಯಾಗಿಲ್ಲ. ಶಾಲ್ಯಾಗ ಆಕಿ ಚೀಲ ಒಂದ ಐತಿ."

ಕರಿಬಸಯ್ಯ ಕಟ್ಟೆಯಿಂದ ಇಳಿದದ್ದು ಅವನಿಗೆ ನೆನಪಿಲ್ಲ. ಓಡುತ್ತಿದ್ದಾಗ ಅವನ ಕಣ್ಣೆದುರು ಇದ್ದದ್ದು ಒಂದೇ: ಕಾಲುವೆ. ಸಂಜೆಯ ಬಿಸಿಲಲ್ಲಿ ಅದು ಎರಡೂ ದಂಡೆ ಮುಟ್ಟಿ ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಗೇಣಗಲದ ಸೇತುವೆ ಬರಿದಾಗಿತ್ತು. ಅವನು ದಂಡೆಗುಂಟ ಹೆಸರು ಹಿಡಿದು ಕೂಗುತ್ತ ಹೋದ. ಹಿಂದೆ ಊರೊಳಗೆ ಇಮಾಮ್‌ಸಾಬ್ ಮದುವೆಯ ಮೈಕು ಆಟೋಕ್ಕೆ ಕಟ್ಟಿಕೊಂಡು, "ಯಮನಮ್ಮನ ಮಗಳು ಅಂಬಿಕಾ ಎಲ್ಲಿದ್ದರೂ ಬರಬೇಕು ಬೇಟಾ, ಯಾರೂ ಬಯ್ಯಂಗಿಲ್ಲ" ಎಂದು ಓಣಿ ಓಣಿ ಸುತ್ತುತ್ತಿದ್ದ. ಸಂಜೆಯ ಬಸ್ಸಿಗೆ ಲಿಂಗಸುಗೂರಿನಿಂದ ಇಳಿದ ಅನುಪಮಾ ಟೀಚರ್ ಸುನೀಲನಿಂದ ಎಲ್ಲ ಕೇಳಿ ಕಾಲುವೆಯ ಕಡೆಗೇ ಓಡಿಬಂದರು.

"ಏನೂ ಮಾಡಬ್ಯಾಡ್ರಿ ಅಂದಿದ್ನಲ್ರೀ ನಾನು," ಎಂದರು. ಕೂಗಲಿಲ್ಲ.

ಕರಿಬಸಯ್ಯ ನೀರಿನ ಕಡೆ ನೋಡಲೂ ಆಗದೆ, ನೋಡದೆ ಇರಲೂ ಆಗದೆ ನಿಂತ. ನಾ ಅದೀನಲ್ಲ ಎಂದು ಎದೆ ತಟ್ಟಿಕೊಂಡಿದ್ದ ಕೈಯಿಂದಲೇ ಈಗ ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ಮೈಕು ಗೊರಗೊರ ಎಂದು, ನಿಂತು, ಬೇರೆಯೇ ದನಿಯಲ್ಲಿ ಕೂಗಿತು: "ಸಿಕ್ಕಾಳ! ಅಯ್ಯನೋರ ಮನ್ಯಾಗ ಸಿಕ್ಕಾಳ!"

ದೀಪ ಹಚ್ಚುವ ಹೊತ್ತಿಗೆ ಗುರುಲಿಂಗಮ್ಮ ದೇವರ ಕೋಣೆಗೆ ಹೋಗಿದ್ದಳು. ಕಡ್ಡಿ ಗೀರಿದಾಗ ದೇವರ ಮುಂದಿನ ಬಾಳೆಹಣ್ಣಿನ ಜಾಗದಲ್ಲಿ ಎರಡು ಸಿಪ್ಪೆ ಕಂಡವು. ಕೌದಿಗಳ ಹಿಂದಿನಿಂದ ಎರಡು ಕಾಲು ಚಾಚಿಕೊಂಡಿದ್ದವು. ಸುನೀಲ ಉಳಿದವರನ್ನು ಉಗ್ರಾಣಕ್ಕೆ ದೂಡುವಾಗ ಅವಳೊಬ್ಬಳು ಕಣ್ಣಿಗೆ ಬಿದ್ದಿರಲಿಲ್ಲ. ನಿದ್ದೆ ಬಂದಿತ್ತು, ಎಚ್ಚರವಾಗಿತ್ತು, ಹಸಿವಾಗಿತ್ತು, ಮತ್ತೆ ನಿದ್ದೆ ಬಂದಿತ್ತು.

ಕರಿಬಸಯ್ಯ ಏದುಸಿರು ಬಿಡುತ್ತ ಹೊಸ್ತಿಲಿಗೆ ಬಂದಾಗ ಅಂಬಿಕಾ ಗುರುಲಿಂಗಮ್ಮನ ತೊಡೆಯ ಮೇಲಿದ್ದಳು. ಅವನನ್ನು ಕಂಡದ್ದೇ ನೆಟ್ಟಗೆ ಕೂತಳು.

"ಅಯ್ಯಾ, ಸಾಹೇಬ್ರು ಹೋದ್ರಾ?" ಎಂದಳು. "ನಾ ಸೀನು ಬಂದ್ರೂ ಸೀನಲಿಲ್ಲ. ಈಗ ಹೊರಗ ಬರ್ಲ್ಯಾ?"

ಮನೆ ತುಂಬ ಜನ ನೆರೆದಿದ್ದರು. ಗುರುಲಿಂಗಮ್ಮ ಮುಖ ತಿರುಗಿಸಿ ಸೆರಗು ಕಚ್ಚಿದಳು. ಕರಿಬಸಯ್ಯ ಅಲ್ಲೇ ಕುಸಿದು ಕೂತು, "ಬಾರವ್ವಾ," ಎಂದ. "ಬಾ. ಇನ್ನ ಮ್ಯಾಲ ಯಾವತ್ತೂ ಒಳಗ ಹೋಗಬ್ಯಾಡ."

ಯಮನಮ್ಮ ಮಗಳನ್ನು ಎತ್ತಿಕೊಂಡು ಅವಳ ತಲೆ, ಕೈ, ಕಾಲು ತಡವಿ ನೋಡಿದಳು. ಬೈಯಲೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಮಾತುಗಳು ಎಲ್ಲೋ ಉದುರಿಹೋಗಿದ್ದವು. "ದೇವರ ಬಾಳಿಹಣ್ಣು ತಿಂದಿಯೇನ ಮೂಳಿ?" ಎಂದಳು ಕೊನೆಗೆ.

"ತಿನ್ಲಿ ಬಿಡು," ಎಂದಳು ಗುರುಲಿಂಗಮ್ಮ. "ಇಷ್ಟು ದಿನದಾಗ ಆ ದೇವ್ರು ಒಂದರ ತಿಂದಾನೇನು?"

"ಸಾಹೇಬ್ರ ಮುಂದ ಎಲ್ಲಾ ನಮ್ಮ ಮಕ್ಕಳ ಅಂದ್ರಂತಲ್ಲ ಅಯ್ಯನೋರ," ಎಂದು ಯಮನಮ್ಮ ಕರಿಬಸಯ್ಯನ ಕಡೆ ತಿರುಗಿದಳು. "ಹಂಗಾದ್ರ ಇಕಿಗೆ ಗಂಡು ಹುಡುಕೋದೂ ನಿಮ್ಮ ಮ್ಯಾಲ. ನೆಪ್ಪಿರ್ಲಿ."

"ಮೊದಲು ಓದ್ಲಿಬೇ," ಎಂದ ಕರಿಬಸಯ್ಯ ಮೂಗೆಳೆಯುತ್ತ. "ಆಮ್ಯಾಲ ಗಂಡಿನವ್ರ ಮನಿಗೆ ಇಕಿ ತಾನ ನೋಡಾಕ ಹೋಗ್ಲಿ."

ಭತ್ತ ತೆನೆ ಹೊತ್ತು ಬಾಗುವ ಕಾಲಕ್ಕೆ, ಕೋಣೆ ಮಂಜೂರಾಗಿ, ಬಸವಂತರಾಯರು ಮತ್ತೆ ಬಂದರು. ಈ ಸಲ ಕಮಾನು ಇರಲಿಲ್ಲ, ಕುರ್ಚಿ ಇರಲಿಲ್ಲ. ಮೂಗು ಒರೆಸಿದವರು, ಒರೆಸದವರು, ಎಲ್ಲ ಮಕ್ಕಳೂ ಅಂಗಳದಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅಂಬಿಕಾ, ಕರಿಬಸಯ್ಯನ ಬೆರಳು ಹಿಡಿದು.

"ಈ ಹುಡುಗೀನ ಅವತ್ತ ನೋಡಿಲ್ಲಲ್ಲ?" ಎಂದರು ಸಾಹೇಬರು.

"ಒಳಗಿದ್ಲು ರೀ," ಎಂದ ಕರಿಬಸಯ್ಯ. "ನಮ್ಮಾಕಿ."

ಆಳುಗಳು ಹಗ್ಗ ಹಿಡಿದರು. ಸಾಹೇಬರು ಹೇಳಿದಂತೆ ಸುಣ್ಣದ ಪುಡಿಯಿಂದ ನೆಲದ ಮೇಲೆ ಎರಡು ಕೋಣೆಗಳ ಗೆರೆ ಎಳೆದರು. ಅಂಬಿಕಾ ಸುತ್ತಲೂ ನಡೆದು ನೋಡಿ ಹುಬ್ಬು ಗಂಟಿಕ್ಕಿದಳು.

"ಬಾಗಲಾ ಎಲ್ಲೈತ್ರಿ?"

ಬಸವಂತರಾಯರು ಒಂದು ಕ್ಷಣ ಯೋಚಿಸಿ, ಬೂಟುಗಾಲಿನಿಂದ ಒಂದು ಕಡೆ ಗೆರೆಯನ್ನು ಬಾಗಿಲಗಲ ಅಳಿಸಿದರು. ಒಂದನೆಯ ತರಗತಿಯವರು ಚಪ್ಪಲಿ ಇದ್ದವರು ಚಪ್ಪಲಿ ಹೊರಗೆ ಬಿಟ್ಟು, ಆ ಸಂದಿಯಿಂದ ಸಾಲಾಗಿ ಒಳಗೆ ಹೋಗಿ ಕೂತರು. ಅನುಪಮಾ ಟೀಚರ್ ಇಲ್ಲದ ಗೋಡೆಗೆ ಬೆನ್ನು ಕೊಟ್ಟು ಪಾಠ ಶುರುಮಾಡಿದರು.

ಗದ್ದೆಗೆ ಹೊರಟಿದ್ದ ಯಮನಮ್ಮ ಬೇಲಿಯಾಚೆ ನಿಂತು ನೋಡುತ್ತಿದ್ದಳು. "ಅಯ್ಯನೋರ, ಗ್ವಾಡಿ ಎಲ್ಲೈತ್ರಿ?" ಎಂದು ಕೂಗಿದಳು.

"ಬರ್ತೈತಿ!"

ಹಾಗೆಂದ ಕರಿಬಸಯ್ಯನಿಗೆ ಟೀಚರ್ ಕೈಯಲ್ಲಿ ಸೀಮೆಸುಣ್ಣ ಇಲ್ಲದ್ದು ಕಾಣಿಸಿತು. ತರಲು ಹೋದ. ವಾಪಸು ಬರುವಾಗ ಗೆರೆ ದಾಟಿದ್ದರೆ ಎರಡೇ ಹೆಜ್ಜೆ. ಅವನು ದಾಟಲಿಲ್ಲ. ಸುತ್ತು ಹಾಕಿ ಬಾಗಿಲಿದ್ದ ಕಡೆಗೆ ಬಂದು, ಚಪ್ಪಲಿ ಬಿಟ್ಟು, ಇನ್ನೂ ಇಲ್ಲದ ಚೌಕಟ್ಟಿಗೆ ತಲೆ ತಾಗೀತೆಂದು ಸ್ವಲ್ಪ ಬಗ್ಗಿ, ಒಳಗೆ ಹೋಗುವ ಮೊದಲು ಕೈ ಎತ್ತಿದ.